ಹೊಸದಾಗಿ ಹಾಕಿಸಿದ ಟೈಮಿಂಗ್ ಬೆಲ್ಟ್ ಸೆಟ್ ನಾಲ್ಕೇ ತಿಂಗಳಲ್ಲಿ ಕೆಟ್ಟು ಎಂಜಿನ್ ಹಾಳಾಗಿದೆ: ಪರಿಹಾರವನ್ನು ಯಾರಿಂದ ಕೇಳಬೇಕು?

ಪ್ರಶ್ನೆ: ಭದ್ರಾವತಿಯ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಒಂಬತ್ತು ವರ್ಷ ಹಳೆಯದಾದ ಡೀಸೆಲ್ ಕಾರೊಂದಿದೆ. ಒಂದು ಲಕ್ಷ ಕಿಲೋಮೀಟರ್ ದಾಟಿದ್ದರಿಂದ, ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಹೇಳಿರುವಂತೆ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಭಾಗಗಳು ಒಂದಕ್ಕೊಂದು ಹೊಂದಿ ತಿರುಗುವಂತೆ ಮಾಡುವ ಹಲ್ಲಿನ ಪಟ್ಟಿ) ಬದಲಿಸಬೇಕೆಂದು ನಿರ್ಧರಿಸಿ, ಕಳೆದ ಜೂನ್ ತಿಂಗಳಲ್ಲಿ ಶಿವಮೊಗ್ಗದ ಒಂದು ಖಾಸಗಿ ಗ್ಯಾರೇಜಿಗೆ ಬಿಟ್ಟಿದ್ದೆ. ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಅದಕ್ಕೆ ದಾರಿ ಕೊಡುವ ಐಡ್ಲರ್ ಪುಲ್ಲಿ ಮತ್ತು ವಾಟರ್ ಪಂಪ್ ಸೇರಿದ ಪೂರ್ಣ ಸೆಟ್ಟನ್ನು ಗ್ಯಾರೇಜಿನವರೇ ಬೆಂಗಳೂರಿನ ಜೆ.ಸಿ. ರಸ್ತೆಯ ಒಬ್ಬ ಬಿಡಿಭಾಗ ವ್ಯಾಪಾರಿಯಿಂದ ತರಿಸಿ ಹಾಕಿದರು. ಸೆಟ್ಟಿಗೆ 14,200 ರೂಪಾಯಿ, ಕೂಲಿಗೆ 4,300 ರೂಪಾಯಿ, ಒಟ್ಟು 18,500 ರೂಪಾಯಿಗೆ ಜಿ.ಎಸ್.ಟಿ. ಬಿಲ್ ಕೊಟ್ಟಿದ್ದಾರೆ. ಇನ್ನು ಒಂದು ಲಕ್ಷ ಕಿಲೋಮೀಟರಿನವರೆಗೆ ಆ ಕಡೆ ನೋಡುವಂತಿಲ್ಲ ಎಂದು ಬಾಯಿಮಾತಿನಲ್ಲಿ ಭರವಸೆಯನ್ನೂ ಕೊಟ್ಟರು.

ಅಕ್ಟೋಬರ್ ಮೊದಲ ವಾರದಲ್ಲಿ, ತಾಯಿಯವರನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಾಗ, ಬೀರೂರು ಮತ್ತು ಕಡೂರಿನ ನಡುವೆ ಎಂಜಿನ್ನಿನಿಂದ ಒಮ್ಮೆಲೇ ದೊಡ್ಡ ಶಬ್ದ ಬಂದು ಕಾರು ನಿಂತುಬಿಟ್ಟಿತು. ಹಿಂದೆ ಲಾರಿ ಬರುತ್ತಿದ್ದುದರಿಂದ ಆ ಕ್ಷಣದಲ್ಲಿ ಜೀವವೇ ಹೋದಂತಾಯಿತು. ಸೆಟ್ ಹಾಕಿಸಿದ ಮೇಲೆ ಓಡಿದ್ದು 5,400 ಕಿಲೋಮೀಟರ್ ಮಾತ್ರ. ಕಾರನ್ನು ಟೋ ಮಾಡಿಸಿ ಅದೇ ಗ್ಯಾರೇಜಿಗೆ ತಂದೆ. ಟೆನ್ಷನರ್ ಸಿಕ್ಕಿಹಾಕಿಕೊಂಡು ಬೆಲ್ಟಿನ ಹಲ್ಲು ಕಿತ್ತುಹೋಗಿವೆ, ವಾಲ್ವ್‌ಗಳು ಬಾಗಿವೆ, ಸಿಲಿಂಡರ್ ಹೆಡ್ ಕೆಲಸಕ್ಕೆ ಸುಮಾರು 78,000 ರೂಪಾಯಿ ಆಗುತ್ತದೆ ಎನ್ನುತ್ತಿದ್ದಾರೆ.

ಗ್ಯಾರೇಜಿನ ಮಾಲೀಕರು ಇದು ಬಿಡಿಭಾಗದ ದೋಷ, ತಮ್ಮ ಕೆಲಸದಲ್ಲಿ ತಪ್ಪಿಲ್ಲ ಎನ್ನುತ್ತಾರೆ. ಬೆಂಗಳೂರಿನ ವ್ಯಾಪಾರಿ ಫೋನಿನಲ್ಲಿ ಮಾತನಾಡಿ, ಜೋಡಿಸುವಾಗ ಬೆಲ್ಟನ್ನು ಅತಿಯಾಗಿ ಬಿಗಿದಿದ್ದಾರೆ, ಆದರೂ ಸೌಜನ್ಯಕ್ಕಾಗಿ ಇನ್ನೊಂದು ಸೆಟ್ ಕೊಡುತ್ತೇವೆ, ಎಂಜಿನ್ನಿನ ಖರ್ಚು ನಮಗೆ ಸಂಬಂಧಿಸಿದ್ದಲ್ಲ, ವಾರಂಟಿ ಇರುವುದು ಭಾಗಕ್ಕೆ ಮಾತ್ರ ಎಂದು ಹೇಳಿದರು. ಇಬ್ಬರ ನಡುವೆ ನಾನು ಸಿಕ್ಕಿಕೊಂಡಿದ್ದೇನೆ. ವಿಮಾ ಕಂಪನಿಯನ್ನು ವಿಚಾರಿಸಿದಾಗ, ಅಪಘಾತವಿಲ್ಲದೆ ಯಂತ್ರ ಕೆಟ್ಟು ನಿಂತರೆ ಪಾಲಿಸಿಯಲ್ಲಿ ಪರಿಹಾರವಿಲ್ಲ ಎಂದರು. ತಪ್ಪು ಯಾರದೆಂದು ನಾನು ಹೇಗೆ ಸಾಬೀತು ಮಾಡಲಿ? 78,000 ರೂಪಾಯಿಯನ್ನು ಕೇಳುವ ಹಕ್ಕು ನನಗಿದೆಯೇ, ಇಲ್ಲವೇ 14,200 ರೂಪಾಯಿಯ ಸೆಟ್ಟಿಗೇ ತೃಪ್ತನಾಗಬೇಕೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹುಬ್ಬಳ್ಳಿಯ ಮೆಕ್ಯಾನಿಕ್

ಸರ್, ನಾನು ಇಪ್ಪತ್ತಾರು ವರ್ಷಗಳಿಂದ ಡೀಸೆಲ್ ಎಂಜಿನ್ ಕೆಲಸ ಮಾಡುತ್ತಿದ್ದೇನೆ. ಕಾನೂನಿನ ವಿಚಾರವನ್ನು ಬಲ್ಲವರು ಹೇಳುತ್ತಾರೆ. ನಾನು ಹೇಳಬೇಕಾದದ್ದು ಒಂದೇ ಮಾತು, ಅದನ್ನು ಇವತ್ತೇ ಮಾಡಿ. ಬಿಚ್ಚಿದ ಯಾವ ಭಾಗವನ್ನೂ ಗ್ಯಾರೇಜಿನಲ್ಲಿ ಬಿಡಬೇಡಿ, ಇನ್ನೂ ಬಿಚ್ಚದಿರುವ ಭಾಗವನ್ನು ನೀವಿಲ್ಲದೆ ಬಿಚ್ಚಲು ಬಿಡಬೇಡಿ. ಹಳೆಯ ಸಾಮಾನು ಗುಜರಿಗೆ ಹೋದ ದಿನವೇ ನಿಮ್ಮ ಪ್ರಕರಣವೂ ಹೋದಂತೆ. ಬೆಲ್ಟನ್ನು ಒರೆಸಬಾರದು, ತೊಳೆಯಬಾರದು, ಮಡಚಬಾರದು. ಇದ್ದಂತೆಯೇ ಫೋಟೋ ಮತ್ತು ವಿಡಿಯೋ ತೆಗೆದು, ಓಡಿರುವ ಕಿಲೋಮೀಟರ್ ತೋರಿಸುವ ಮೀಟರಿನ ಚಿತ್ರವನ್ನೂ ಸೇರಿಸಿಕೊಳ್ಳಿ.

ಈ ಬೆಲ್ಟ್ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ತಿರುಗುವಿಕೆಯನ್ನು, ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟಿಗೆ ಒಯ್ಯುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗಬೇಕು. ಆ ಲೆಕ್ಕ ತಪ್ಪಿದರೆ, ನಿಮ್ಮದರಂತಹ ಎಂಜಿನ್ನಿನಲ್ಲಿ, ತೆರೆದುಕೊಂಡ ವಾಲ್ವಿಗೆ ಮೇಲೆ ಬರುವ ಪಿಸ್ಟನ್ ಬಡಿಯುತ್ತದೆ. ಆದ್ದರಿಂದ ವಾಲ್ವ್ ಬಾಗಿದ್ದು ಬೇರೆ ಯಾವುದೋ ಕಾಯಿಲೆಯಲ್ಲ, ಬೆಲ್ಟ್ ಹೋದದ್ದರ ನೇರ ಪರಿಣಾಮ. ಯಾರಾದರೂ ಎಂಜಿನ್ ಹಳೆಯದಾಗಿತ್ತು ಎಂದು ವಾದ ಮಾಡಿದರೆ ಇದನ್ನು ನೆನಪಿನಲ್ಲಿಡಿ.

ಕೆಟ್ಟ ಭಾಗವನ್ನು ಓದುವುದಕ್ಕೆ ಕೆಲವು ಗುರುತುಗಳಿವೆ. ಬೆಲ್ಟಿನ ಒಂದು ಕಡೆಯ ಹಲ್ಲುಗಳು ಮಾತ್ರ ಸಾಲಾಗಿ ಕಿತ್ತು ಉಳಿದವು ಸರಿಯಾಗಿದ್ದರೆ, ದಾರಿಯಲ್ಲಿ ಏನೋ ತಿರುಗದೆ ಹಿಡಿದುಕೊಂಡಿದೆ ಎಂದರ್ಥ. ವಾಟರ್ ಪಂಪೋ ಟೆನ್ಷನರೋ ಕ್ಯಾಮೋ ಎಂಬುದನ್ನು ಕೈಯಿಂದ ತಿರುಗಿಸಿ ನೋಡಬೇಕು. ಬೆಲ್ಟ್ ಕತ್ತರಿಯಿಂದ ಕತ್ತರಿಸಿದಂತೆ ನೇರವಾಗಿ ತುಂಡಾಗಿದ್ದರೆ, ಹಾಕುವ ಮೊದಲೇ ಅದನ್ನು ಯಾರೋ ಬಿಗಿಯಾಗಿ ಮಡಚಿ ಒಳಗಿನ ಎಳೆಗಳನ್ನು ಮುರಿದಿರುವ ಸಂಭವ ಹೆಚ್ಚು. ಒಂದೇ ಅಂಚು ಸವೆದು ನಾರು ಬಿಟ್ಟಿದ್ದರೆ ಪುಲ್ಲಿ ಓರೆಯಾಗಿ ಕುಳಿತಿದೆ. ಬೆಲ್ಟ್ ಎಣ್ಣೆ ಕುಡಿದು ಊದಿದ್ದರೆ ಯಾವುದೋ ಸೀಲ್ ಸೋರುತ್ತಿತ್ತು, ಅದನ್ನು ಹಾಕುವಾಗಲೇ ನೋಡಿ ಗ್ರಾಹಕರಿಗೆ ಹೇಳುವುದು ಮೆಕ್ಯಾನಿಕ್ಕಿನ ಕರ್ತವ್ಯವಾಗಿತ್ತು.

ನಿಮ್ಮ ವಿಷಯದಲ್ಲಿ ಟೆನ್ಷನರೇ ಮುಖ್ಯ. ಬೇರಿಂಗ್ ಸುಟ್ಟು ನೀಲಿ ಬಣ್ಣಕ್ಕೆ ತಿರುಗಿ ಗ್ರೀಸ್ ಒಣಗಿದ್ದರೆ ಎರಡು ಕಾರಣಗಳಿರಬಹುದು: ಬೇರಿಂಗೇ ಕಳಪೆ, ಇಲ್ಲವೇ ಬೆಲ್ಟನ್ನು ಮಿತಿಮೀರಿ ಬಿಗಿದು ಅದರ ಮೇಲೆ ಭಾರ ಹೇರಲಾಗಿದೆ. ಹಲವು ಟೆನ್ಷನರುಗಳಲ್ಲಿ ಬಿಗಿತವನ್ನು ತೋರಿಸುವ ಮುಳ್ಳು ಮತ್ತು ಗೆರೆ ಇರುತ್ತವೆ. ಅದು ಎಲ್ಲಿ ನಿಂತಿದೆ ಎಂಬುದನ್ನು ಬಿಚ್ಚುವ ಮೊದಲೇ ಫೋಟೋ ತೆಗೆಯಬೇಕು. ಟೆನ್ಷನರಿನ ಬೋಲ್ಟನ್ನು ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ ಬಿಗಿದರೋ, ಕೈ ಅಂದಾಜಿನಲ್ಲಿ ಬಿಗಿದರೋ ಎಂದು ಕೇಳಿ. ಸೆಟ್ಟಿನ ರಟ್ಟಿನ ಡಬ್ಬಿಯನ್ನು ಗ್ಯಾರೇಜಿನವರು ಇಟ್ಟುಕೊಂಡಿದ್ದರೆ ಅದನ್ನೂ ಪಡೆಯಿರಿ. ಬೆಲ್ಟಿನ ಬೆನ್ನಿನ ಮೇಲಿರುವ ಭಾಗದ ಸಂಖ್ಯೆ ಡಬ್ಬಿಯ ಮೇಲಿನದಕ್ಕೆ ಹೊಂದುತ್ತದೆಯೇ ಎಂದು ನೋಡಿ. ಹೆಸರಾಂತ ಕಂಪನಿಗಳ ನಕಲಿ ಮಾಲು ಮಾರುಕಟ್ಟೆಯಲ್ಲಿ ಬಹಳ ಇದೆ, ಅದಕ್ಕೆ ಗ್ಯಾರೇಜಿನವರೂ ಬಲಿಯಾಗುತ್ತಾರೆ.

ಒಂದು ಮಾತನ್ನು ನಾನೂ ಗ್ಯಾರೇಜು ನಡೆಸುವವನಾಗಿ ಹೇಳುತ್ತೇನೆ. ಗ್ರಾಹಕರೇ ಭಾಗವನ್ನು ತಂದುಕೊಟ್ಟು ಇದನ್ನೇ ಹಾಕಿ ಎಂದರೆ ಭಾಗಕ್ಕೆ ನಾನು ಜವಾಬ್ದಾರನಲ್ಲ, ಕೆಲಸಕ್ಕೆ ಮಾತ್ರ. ಆದರೆ ನಾನೇ ಆರಿಸಿ, ನಾನೇ ತರಿಸಿ, ಲಾಭ ಇಟ್ಟುಕೊಂಡು ನನ್ನ ಬಿಲ್ಲಿನಲ್ಲಿ ಮಾರಿದ ಮೇಲೆ ಮೊದಲು ಗ್ರಾಹಕರಿಗೆ ಉತ್ತರ ಹೇಳಬೇಕಾದವನು ನಾನು. ಆಮೇಲೆ ನನಗೆ ಮಾಲು ಕೊಟ್ಟವನ ಜೊತೆ ನನ್ನ ಲೆಕ್ಕವನ್ನು ನಾನು ನೋಡಿಕೊಳ್ಳಬೇಕು.

ಉತ್ತರ 2: ಗ್ರಾಹಕ ಪ್ರಕರಣಗಳನ್ನು ನಡೆಸುವ ವಕೀಲೆ, ಬೆಂಗಳೂರು

ಮೇಲಿನ ಉತ್ತರದ ಕೊನೆಯ ಮಾತು ಕಾನೂನಿನ ದೃಷ್ಟಿಯಿಂದಲೂ ಸರಿಯಾಗಿದೆ. ತಾವು ಹಣ ಕೊಟ್ಟಿರುವುದು ಗ್ಯಾರೇಜಿಗೆ. ಬಿಲ್ಲಿನಲ್ಲಿ ಸರಕೂ ಇದೆ, ಸೇವೆಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸರಕಿನಲ್ಲಿ ದೋಷವಿದ್ದರೂ ಸೇವೆಯಲ್ಲಿ ನ್ಯೂನತೆ ಇದ್ದರೂ ದೂರು ಕೊಡಬಹುದು. ಹಾಗಾಗಿ ಟೆನ್ಷನರ್ ಕಳಪೆಯೋ ಬಿಗಿತ ಹೆಚ್ಚೋ ಎಂಬ ಎರಡು ಕಾರಣಗಳಲ್ಲಿ ಯಾವುದು ನಿಜವಾದರೂ ಗ್ಯಾರೇಜಿನ ಹೊಣೆ ಪೂರ್ತಿ ತಪ್ಪುವುದಿಲ್ಲ. ಗ್ಯಾರೇಜನ್ನು ಮೊದಲನೆಯ ಎದುರುದಾರರನ್ನಾಗಿಯೂ, ಬಿಡಿಭಾಗದ ವ್ಯಾಪಾರಿಯನ್ನು ಎರಡನೆಯ ಎದುರುದಾರರನ್ನಾಗಿಯೂ, ಡಬ್ಬಿಯ ಮೇಲೆ ಹೆಸರಿರುವ ತಯಾರಕರನ್ನು ಅಥವಾ ಆಮದುದಾರರನ್ನು ಮೂರನೆಯವರನ್ನಾಗಿಯೂ ಸೇರಿಸಿದರೆ, ಅವರು ಒಬ್ಬರ ಮೇಲೊಬ್ಬರು ಹಾಕುವ ತಪ್ಪು ಗ್ರಾಹಕ ಆಯೋಗದ ಮುಂದೆಯೇ ದಾಖಲಾಗುತ್ತದೆ. ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳೇ ಹೇಳುತ್ತವೆ. ಡಬ್ಬಿಯನ್ನು ಕಾಪಾಡಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ವಾರಂಟಿ ಭಾಗಕ್ಕೆ ಮಾತ್ರ ಎಂಬ ವಾದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ವಾರಂಟಿಯ ಷರತ್ತನ್ನೇ ಆಧಾರ ಮಾಡಿಕೊಂಡು ಹೋದರೆ ಆ ವಾದಕ್ಕೆ ಬಲವಿದೆ. ಕಾರಿನ ಒಂದು ಭಾಗ ಕೆಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ, ವಾರಂಟಿಯಲ್ಲಿ ಭಾಗವನ್ನು ಬದಲಿಸಿಕೊಡುವುದಾಗಿ ಮಾತ್ರ ಹೇಳಿರುವಾಗ ಇಡೀ ವಾಹನವನ್ನೇ ಬದಲಿಸಿಕೊಡಿ ಎಂದು ಆದೇಶಿಸುವುದು ಸರಿಯಲ್ಲ ಎಂದು ಹೇಳಿದೆ. ಆದರೆ ತಮ್ಮ ಬೇಡಿಕೆ ವಾರಂಟಿಯ ಮೇಲೆ ಮಾತ್ರ ನಿಂತಿಲ್ಲ. ಒಂದು, ಕಾಯ್ದೆಯ 39ನೆಯ ಕಲಮಿನಡಿ ಆಯೋಗವು ದೋಷ ನಿವಾರಣೆ, ಹಣದ ವಾಪಸಾತಿ ಇವುಗಳ ಜೊತೆಗೆ, ಎದುರುದಾರರ ನಿರ್ಲಕ್ಷ್ಯದಿಂದ ಉಂಟಾದ ನಷ್ಟಕ್ಕೆ ಪರಿಹಾರ ಕೊಡಿಸಬಹುದು. ಮತ್ತೊಂದು, 2019ರ ಕಾಯ್ದೆಯಲ್ಲಿ ಹೊಸದಾಗಿ ಬಂದ 6ನೆಯ ಅಧ್ಯಾಯ ಉತ್ಪನ್ನದ ಹೊಣೆಗಾರಿಕೆಯ ಬಗ್ಗೆ ಹೇಳುತ್ತದೆ. ಅಲ್ಲಿ ಹಾನಿ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ದೋಷವುಳ್ಳ ಉತ್ಪನ್ನಕ್ಕೇ ಆದ ಹಾನಿ ಸೇರುವುದಿಲ್ಲ, ಇತರ ಆಸ್ತಿಗೆ ಆದ ಹಾನಿ ಸೇರುತ್ತದೆ. ತಾವು ಕೊಂಡ ಉತ್ಪನ್ನ ಬೆಲ್ಟ್ ಸೆಟ್. ಹಾಳಾದದ್ದು ತಮ್ಮ ಎಂಜಿನ್. ಈ ವ್ಯತ್ಯಾಸವನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಎದುರು ಪಕ್ಷದವರು ಎರಡನ್ನೂ ಒಂದೇ ಎಂಬಂತೆ ಮಾತನಾಡುತ್ತಾರೆ.

ಇನ್ನು ಸಾಬೀತಿನ ವಿಷಯ. ಸೇವೆಯಲ್ಲಿ ನ್ಯೂನತೆ ಇತ್ತೆಂದು ತೋರಿಸುವ ಭಾರ ದೂರುದಾರರ ಮೇಲೆಯೇ ಇದೆ ಎಂದು ಸುಪ್ರೀಂ ಕೋರ್ಟ್ 2021ರಲ್ಲಿಯೂ ಸ್ಪಷ್ಟಪಡಿಸಿದೆ. ಹೊಸ ಭಾಗ ನಾಲ್ಕು ತಿಂಗಳಲ್ಲಿ ಕೆಟ್ಟಿತು ಎಂಬುದು ಬಲವಾದ ಸಂಗತಿಯೇ ಆದರೂ ಅದೊಂದನ್ನೇ ನಂಬಿಕೊಂಡು ಕೂರುವುದು ಸರಿಯಲ್ಲ. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ದೋಷ ಗೊತ್ತಾಗದು ಎಂದಾದರೆ, 38ನೆಯ ಕಲಮಿನಡಿ ಆಯೋಗವೇ ಭಾಗವನ್ನು ಮೊಹರು ಮಾಡಿಸಿ ಪರೀಕ್ಷೆಗೆ ಕಳುಹಿಸಬಹುದು; ಅದರ ಶುಲ್ಕವನ್ನು ತಾವು ಮೊದಲು ಕಟ್ಟಬೇಕಾಗುತ್ತದೆ. ಆದರೆ ಆ ಹಂತ ಬರುವುದಕ್ಕೆ ತಿಂಗಳುಗಳೇ ಬೇಕು. ಅದಕ್ಕೂ ಮೊದಲು ಪರವಾನಗಿ ಪಡೆದ ವಾಹನ ಸರ್ವೇಯರ್ (ಹಾನಿಯನ್ನು ತಪಾಸಣೆ ಮಾಡುವವರು) ಒಬ್ಬರಿಂದಲೋ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಪ್ರಾಧ್ಯಾಪಕರಿಂದಲೋ ತಪಾಸಣೆ ಮಾಡಿಸಿ ಲಿಖಿತ ವರದಿ ಪಡೆಯಿರಿ. ತಪಾಸಣೆಯ ದಿನ, ಸಮಯ ಮತ್ತು ಸ್ಥಳವನ್ನು ಎಲ್ಲ ಎದುರುದಾರರಿಗೂ ಕನಿಷ್ಠ ಒಂದು ವಾರ ಮೊದಲು ಸ್ಪೀಡ್ ಪೋಸ್ಟಿನಲ್ಲಿಯೂ ಇಮೇಲಿನಲ್ಲಿಯೂ ತಿಳಿಸಿ. ಬಂದರೆ ಅವರ ಎದುರಿನಲ್ಲಿಯೇ ತಪಾಸಣೆ ನಡೆಯುತ್ತದೆ. ಬಾರದಿದ್ದರೆ ನಮ್ಮ ಬೆನ್ನ ಹಿಂದೆ ನಡೆದ ತಪಾಸಣೆ ಎಂಬ ಆಕ್ಷೇಪಕ್ಕೆ ಬಲವಿರುವುದಿಲ್ಲ.

ಎಲ್ಲಿ, ಎಷ್ಟು ಖರ್ಚಿನಲ್ಲಿ ಎಂದು ಕೇಳಬಹುದು. 2019ರ ಕಾಯ್ದೆಯಲ್ಲಿ ಆಯೋಗದ ವ್ಯಾಪ್ತಿಯನ್ನು ತಾವು ಕೇಳುವ ಪರಿಹಾರದ ಮೊತ್ತದಿಂದಲ್ಲ, ಸರಕಿಗೂ ಸೇವೆಗೂ ಕೊಟ್ಟ ಹಣದಿಂದ ಅಳೆಯುತ್ತಾರೆ. 2021ರ ಡಿಸೆಂಬರಿನಲ್ಲಿ ಬಂದ ನಿಯಮಗಳಂತೆ 50 ಲಕ್ಷ ರೂಪಾಯಿಯವರೆಗಿನವು ಜಿಲ್ಲಾ ಆಯೋಗಕ್ಕೆ ಸೇರುತ್ತವೆ. ಇನ್ನು 5 ಲಕ್ಷದವರೆಗೆ ದೂರಿನ ಶುಲ್ಕವೇ ಇಲ್ಲ. ತಾವು ಕೊಟ್ಟದ್ದು 18,500 ರೂಪಾಯಿ; ಆದ್ದರಿಂದ ಶುಲ್ಕವಿಲ್ಲದೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ದೂರುದಾರರು ವಾಸಿಸುವ ಊರಿನಲ್ಲಿಯೂ ದೂರು ಕೊಡಬಹುದಾದ್ದರಿಂದ ವ್ಯಾಪಾರಿ ಬೆಂಗಳೂರಿನವರೆಂಬ ಕಾರಣಕ್ಕೆ ತಾವು ಅಲ್ಲಿಗೆ ಅಲೆಯಬೇಕಾಗಿಲ್ಲ. ಘಟನೆ ನಡೆದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ವಕೀಲರಿಲ್ಲದೆ ಸ್ವತಃ ನಡೆಸಲು ಅವಕಾಶವಿದೆ, ಗ್ರಾಹಕ ದೂರುಗಳ ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು.

ಅದಕ್ಕೆ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಒಂದು ದೂರು ದಾಖಲಿಸಿ. ಅದು ಆದೇಶ ಮಾಡುವ ಸಂಸ್ಥೆಯಲ್ಲದಿದ್ದರೂ ಕೆಲವು ಕಂಪನಿಗಳು ಆ ಹಂತದಲ್ಲಿಯೇ ಮಾತುಕತೆಗೆ ಬರುತ್ತವೆ. ನಂತರ ಹದಿನೈದು ದಿನಗಳ ಗಡುವು ಕೊಟ್ಟು ನೋಟಿಸ್ ಕಳುಹಿಸಿ. ಅದರಲ್ಲಿ ಕೋಪದ ಮಾತು ಬೇಡ, ದಿನಾಂಕ, ಕಿಲೋಮೀಟರ್, ಬಿಲ್ ಸಂಖ್ಯೆ, ಖರ್ಚಿನ ವಿವರ ಇವಿಷ್ಟು ಸಾಕು.

ಉತ್ತರ 3: ಮಂಡ್ಯದ ಟ್ಯಾಕ್ಸಿ ಚಾಲಕ

ನನಗೂ ಇಂತಹ ಕಷ್ಟ ಬಂದಿತ್ತು. ಹೊಸ ಕ್ಲಚ್ ಪ್ಲೇಟ್ ಹಾಕಿಸಿ ಎರಡು ತಿಂಗಳಾಗಿರಲಿಲ್ಲ, ಮದ್ದೂರಿನ ಹತ್ತಿರ ಗಾಡಿ ನಿಂತುಹೋಯಿತು. ನನ್ನ ಬಳಿ ಬಿಲ್ಲೇ ಇರಲಿಲ್ಲ, ಫೋನಿನಲ್ಲಿ ಹಣ ಕಳುಹಿಸಿದ ದಾಖಲೆ ಮತ್ತು ಗ್ಯಾರೇಜಿನವರು ಕಳುಹಿಸಿದ್ದ ವಾಟ್ಸಾಪ್ ಸಂದೇಶಗಳಷ್ಟೇ ಇದ್ದವು. ಅವನ್ನೇ ಜೋಡಿಸಿ ನೋಟಿಸ್ ಕಳುಹಿಸಿದೆ. ಮೂರು ವಾರಗಳ ನಂತರ ಅವರು ಭಾಗದ ಬೆಲೆ ಪೂರ್ತಿ ಮತ್ತು ಕೂಲಿಯ ಅರ್ಧವನ್ನು ವಾಪಸು ಕೊಟ್ಟರು. ಗಾಡಿ ನಿಂತಿದ್ದ ಹನ್ನೊಂದು ದಿನಗಳ ದುಡಿಮೆ ಮಾತ್ರ ಹೋಯಿತು, ಅದನ್ನು ಕೇಳುವ ಧೈರ್ಯ ನನಗೆ ಆಗ ಬರಲಿಲ್ಲ. ಬಾಡಿಗೆ ಗಾಡಿಯವರಿಗೆ ಗ್ರಾಹಕ ಆಯೋಗ ಅನ್ವಯಿಸುವುದಿಲ್ಲ ಎಂದು ಒಬ್ಬರು ಹೇಳಿದ್ದರು. ಅದು ನಿಜವೇ, ಮೇಡಂ ತಿಳಿಸಬೇಕು.

ಉತ್ತರ 4: ವಕೀಲೆ, ಬೆಂಗಳೂರು

ಅಷ್ಟು ಸರಳವಾಗಿ ಹೇಳಲಾಗದು. ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರು ಗ್ರಾಹಕರಲ್ಲ ಎಂದು ಕಾಯ್ದೆ ಹೇಳುತ್ತದೆ ನಿಜ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕೆಂದೇ ಕೊಂಡು ಬಳಸುವುದನ್ನು ವಾಣಿಜ್ಯ ಉದ್ದೇಶವೆಂದು ಪರಿಗಣಿಸುವುದಿಲ್ಲ ಎಂದು ಅದೇ ಕಲಮಿನ ವಿವರಣೆಯಲ್ಲಿದೆ. ಒಂದೇ ಗಾಡಿಯನ್ನು ತಾವೇ ಓಡಿಸಿ ಸಂಸಾರ ನಡೆಸುವವರು ದೂರಿನಲ್ಲಿ ಆ ಸಂಗತಿಯನ್ನು ಬಿಡದೆ ಬರೆಯಬೇಕು. ಕೆಲಸ ಮಾಡಿ ಬಿಲ್ ಕೊಡದಿರುವುದೂ ಈಗ ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ; ಆದ್ದರಿಂದ ಬಿಲ್ಲಿಲ್ಲ ಎಂದು ಹೆದರಬೇಕಾಗಿಲ್ಲ, ಹಣ ಸಂದಾಯವಾದ ದಾಖಲೆ ಇರಬೇಕು ಅಷ್ಟೆ.

ಮುಂದುವರಿಕೆ: ಭದ್ರಾವತಿಯ ಶಿಕ್ಷಕ

ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ತಾವು ಹೇಳಿದಂತೆ ಇಬ್ಬರಿಗೂ ಪತ್ರ ಕಳುಹಿಸಿ, ಕಳೆದ ಶನಿವಾರ ಸರ್ವೇಯರ್ ಒಬ್ಬರಿಂದ ತಪಾಸಣೆ ಮಾಡಿಸಿದೆ. ಗ್ಯಾರೇಜಿನ ಮಾಲೀಕರು ಹಾಜರಿದ್ದರು, ವ್ಯಾಪಾರಿಯ ಕಡೆಯಿಂದ ಯಾರೂ ಬರಲಿಲ್ಲ. ವಾಟರ್ ಪಂಪ್ ಮತ್ತು ಐಡ್ಲರ್ ಪುಲ್ಲಿ ಸರಾಗವಾಗಿ ತಿರುಗುತ್ತವೆ, ಎಣ್ಣೆ ಸೋರಿಕೆಯಿಲ್ಲ, ಟೆನ್ಷನರಿನ ಬೇರಿಂಗ್ ಸುಟ್ಟು ನೀಲಿಯಾಗಿದೆ ಎಂದು ವರದಿಯಲ್ಲಿದೆ. ಮುಳ್ಳು ಗೆರೆಯನ್ನು ಸ್ವಲ್ಪ ದಾಟಿ ನಿಂತಿದೆ, ಆದರೆ ಅದು ಹಾಕುವಾಗಲೇ ಹಾಗಿತ್ತೋ ಬೇರಿಂಗ್ ಹಿಡಿದಾಗ ಸರಿಯಿತೋ ಎಂದು ಖಚಿತವಾಗಿ ಹೇಳಲಾಗದು ಎಂದು ಅವರು ಪ್ರಾಮಾಣಿಕವಾಗಿ ಬರೆದಿದ್ದಾರೆ. ವಾಲ್ವ್‌ಗಳು ಬಾಗಿರುವುದಕ್ಕೆ ಬೆಲ್ಟ್ ಜಾರಿದ್ದೇ ಕಾರಣವೆಂಬುದರಲ್ಲಿ ಮಾತ್ರ ಅನುಮಾನವಿಲ್ಲವೆಂದಿದ್ದಾರೆ.

ಈಗ ನನ್ನ ಚಿಂತೆ ಬೇರೆ. ತಾಯಿಯವರಿಗೆ ತಿಂಗಳಿಗೆ ಎರಡು ಬಾರಿ ಹಾಸನಕ್ಕೆ ಹೋಗಬೇಕಾಗಿದೆ, ಪ್ರತಿ ಸಲ ಬಾಡಿಗೆ ಕಾರಿಗೆ 5,000 ರೂಪಾಯಿ ಕೊಡುತ್ತಿದ್ದೇನೆ. ತೀರ್ಪು ಬರುವವರೆಗೆ ಕಾರನ್ನು ಹಾಗೆಯೇ ನಿಲ್ಲಿಸಬೇಕೇ? ರಿಪೇರಿ ಮಾಡಿಸಿಬಿಟ್ಟರೆ ಸಾಕ್ಷ್ಯ ನಾಶವಾಯಿತು ಎನ್ನುವುದಿಲ್ಲವೇ?

ಉತ್ತರ 5: ವಕೀಲೆ, ಬೆಂಗಳೂರು

ವರದಿಯಲ್ಲಿ ಒಂದು ಅಂಶ ಅನಿಶ್ಚಿತವಾಗಿ ಉಳಿದಿರುವುದಕ್ಕೆ ತಾವು ಎದೆಗುಂದಬೇಕಾಗಿಲ್ಲ. ಸೀಲ್ ಸೋರಿಕೆ, ಪಂಪ್, ಐಡ್ಲರ್ ಪುಲ್ಲಿ ಎಂಬ ಬೇರೆ ಕಾರಣಗಳು ಇಲ್ಲವೆಂದು ಅದು ಹೇಳುತ್ತದೆ. ಉಳಿದಿರುವ ಎರಡು ಕಾರಣಗಳೂ ಗ್ಯಾರೇಜಿನ ಒಂದೇ ಬಿಲ್ಲಿನೊಳಗೆ ಬರುತ್ತವೆ. ವ್ಯಾಪಾರಿ ಮತ್ತು ಗ್ಯಾರೇಜು ತಮ್ಮ ಪಾಲನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳಲಿ. ಆಯೋಗಕ್ಕೆ ಅಗತ್ಯವೆನಿಸಿದರೆ ಬೇರಿಂಗಿನ ಲೋಹವನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತದೆ.

ಕಾರನ್ನು ನಿಲ್ಲಿಸಿಕೊಂಡು ಕೂರಬೇಡಿ. 1872ರ ಕರಾರು ಕಾಯ್ದೆಯ 73ನೆಯ ಕಲಮಿನ ವಿವರಣೆಯಂತೆ, ನಷ್ಟವನ್ನು ಅಳೆಯುವಾಗ ಅದನ್ನು ತಗ್ಗಿಸಲು ಇದ್ದ ದಾರಿಗಳನ್ನೂ ಗಮನಿಸಬೇಕು. ಗ್ರಾಹಕ ಆಯೋಗದ ಮುಂದೆಯೂ ಎದುರುದಾರರು ಇದೇ ಮಾತನ್ನು ಎತ್ತುತ್ತಾರೆ. ಒಂದೂವರೆ ವರ್ಷ ಬಾಡಿಗೆ ಕಾರಿನಲ್ಲಿ ಓಡಾಡಿ ಆ ಇಡೀ ಖರ್ಚನ್ನು ಕೇಳಿದರೆ ಸಿಗುವುದು ಕಷ್ಟ; ರಿಪೇರಿಗೆ ಬೇಕಾಗುವ ನ್ಯಾಯವಾದ ಅವಧಿಯ ಬಾಡಿಗೆಯನ್ನು ಕೇಳಿದರೆ ಅದಕ್ಕೆ ಅರ್ಥವಿದೆ. ದೂರಿನ ಇತ್ಯರ್ಥಕ್ಕೆ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮೂರು ತಿಂಗಳು, ಪರೀಕ್ಷೆ ಬೇಕಾದಲ್ಲಿ ಐದು ತಿಂಗಳು ಎಂದು ಬರೆದಿದ್ದರೂ ವಾಸ್ತವದಲ್ಲಿ ಅದಕ್ಕಿಂತ ಬಹಳ ಹೆಚ್ಚು ಸಮಯ ಹಿಡಿಯುತ್ತದೆ ಎಂಬುದನ್ನು ನನ್ನ ಅನುಭವದಿಂದ ಹೇಳಲೇಬೇಕು.

ಆದ್ದರಿಂದ ಎದುರುದಾರರಿಗೆ ಇನ್ನೊಂದು ಪತ್ರ ಬರೆದು, ಇಂತಹ ದಿನದಿಂದ ರಿಪೇರಿ ಆರಂಭಿಸುತ್ತೇನೆ, ತಮ್ಮ ಕಡೆಯಿಂದ ಬೇರೆ ತಪಾಸಣೆ ಬೇಕಿದ್ದರೆ ಹತ್ತು ದಿನಗಳೊಳಗೆ ಮಾಡಿಸಿಕೊಳ್ಳಿ ಎಂದು ಅವಕಾಶ ಕೊಡಿ. ಅವಧಿ ಮುಗಿದ ಮೇಲೆ ಬೇರೊಂದು ಗ್ಯಾರೇಜಿನಲ್ಲಿ ಮಾಡಿಸಿ, ಸಾಧ್ಯವಾದರೆ ಎರಡು ಕಡೆಯಿಂದ ಎಸ್ಟಿಮೇಟ್ ಪಡೆದು ಕಡಿಮೆಯದನ್ನು ಒಪ್ಪಿಕೊಳ್ಳಿ. ಬೆಲ್ಟ್, ಟೆನ್ಷನರ್, ಬೋಲ್ಟ್, ಬಾಗಿದ ವಾಲ್ವ್‌ಗಳು ಇವನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು, ಸರ್ವೇಯರ್ ಅವರ ಸಹಿಯೊಂದಿಗೆ ಮೊಹರು ಮಾಡಿಸಿ ತಮ್ಮ ಮನೆಯಲ್ಲಿಯೇ ಇಟ್ಟುಕೊಳ್ಳಿ. ಬೇಡಿಕೆಯಲ್ಲಿ ಸೆಟ್ ಮತ್ತು ಕೂಲಿಯ 18,500, ರಿಪೇರಿಯ ನಿಜವಾದ ಬಿಲ್, ಟೋಯಿಂಗ್ ಖರ್ಚು, ಸರ್ವೇಯರ್ ಶುಲ್ಕ, ರಿಪೇರಿ ಅವಧಿಯ ಬಾಡಿಗೆ, ಇವುಗಳ ಮೇಲಿನ ಬಡ್ಡಿ, ಮಾನಸಿಕ ಕ್ಲೇಶಕ್ಕೆ ಮಿತವಾದ ಒಂದು ಮೊತ್ತ ಮತ್ತು ದಾವೆಯ ಖರ್ಚು ಇರಲಿ. ಲಕ್ಷಗಟ್ಟಲೆ ಕ್ಲೇಶದ ಪರಿಹಾರ ಕೇಳಿ ನ್ಯಾಯವಾದ ಲೆಕ್ಕದ ತೂಕವನ್ನು ಕಳೆದುಕೊಳ್ಳಬೇಡಿ.

ಉತ್ತರ 6: ಹುಬ್ಬಳ್ಳಿಯ ಮೆಕ್ಯಾನಿಕ್

ಪೆಟ್ಟಿಗೆಯಲ್ಲಿಡುವಾಗ ಬೆಲ್ಟನ್ನು ಬಿಡಿಯಾಗಿ, ಸುರುಳಿ ಬಿಗಿಯಾಗದಂತೆ ಇಡಿ. ಬೇರಿಂಗಿಗೆ ತುಕ್ಕು ಹಿಡಿಯಬಾರದೆಂದು ಎಣ್ಣೆ ಸವರಲು ಹೋಗಬೇಡಿ, ಒಳಗಿರುವ ಸುಟ್ಟ ಗ್ರೀಸೇ ಸಾಕ್ಷಿ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿದರೆ ಸಾಕು. ಹೊಸ ಸೆಟ್ ಹಾಕಿಸುವ ದಿನ ತಾವು ಎದುರಿಗೇ ನಿಂತು, ಡಬ್ಬಿ ತೆರೆಯುವುದರಿಂದ ಹಿಡಿದು ಟಾರ್ಕ್ ರೆಂಚಿನಲ್ಲಿ ಬೋಲ್ಟ್ ಬಿಗಿಯುವವರೆಗೆ ವಿಡಿಯೋ ಮಾಡಿಕೊಳ್ಳಿ. ಕೆಲಸ ಬಲ್ಲ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.